ಕಾನೂನು ಪಾಸಾಯ್ತು, ನಮ್ಮ ಶೆಡ್ಡಿಗೆ ಯಾವಾಗ ಬರುತ್ತೆ?

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು, ಅಂದರೆ ಹಳೆ ಕಾರ್ಮಿಕ ಕಾನೂನುಗಳನ್ನು ಸೇರಿಸಿ ಮಾಡಿದ ಕಾನೂನುಗಳು, ಜಾರಿಗೆ ಬಂದವು. ಆವಾಗಿನಿಂದ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗಿದೆ. ಮೊದಲು ಪಿಎಫ್, ಗ್ರಾಚ್ಯುಟಿ ಅಂತ ಕೇಳುತ್ತಿದ್ದವರು ಈಗ ಕಾನೂನು ಮಾಡಿದ್ದು ಯಾರು, ಹೇಗೆ ಮಾಡಿದರು, ನಮ್ಮನ್ನು ಯಾಕೆ ಕೇಳಲಿಲ್ಲ ಅಂತ ಕೇಳುತ್ತಿದ್ದಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತಗೊಂಡಿದ್ದೇನೆ. ಹೆಸರು ಹಾಕಬೇಡಿ ಅಂದವರ ಹೆಸರು ಹಾಕಿಲ್ಲ. ಅಂದರೆ ಯಾರ ಹೆಸರೂ ಇಲ್ಲ.

ಪ್ರಶ್ನೆ: ಸರ್, ನಾನು ಬಿ.ಎ. ಓದುತ್ತಿದ್ದೇನೆ, ರಾಜ್ಯಶಾಸ್ತ್ರ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಸಂಹಿತೆ 2020ರಲ್ಲಿ ಎರಡೇ ದಿನದಲ್ಲಿ ಪಾಸಾಯ್ತು, ಜಾರಿಗೆ ಬರಲು 5 ವರ್ಷ ಹಿಡೀತು ಅಂತ ಓದಿದೆ. ಅಷ್ಟು ಅವಸರ ಯಾಕೆ? ಆಮೇಲೆ ಇಷ್ಟು ನಿಧಾನ ಯಾಕೆ?
– ವಿದ್ಯಾರ್ಥಿ, ವಿಜಯಪುರ

ಉತ್ತರ: ಅವಸರ ಅನ್ನೋದು ಅರ್ಧ ನಿಜ, ತಮ್ಮಾ. ಹಳೆ ಕಾರ್ಮಿಕ ಕಾನೂನುಗಳನ್ನೆಲ್ಲ ಸೇರಿಸಿ ಕೆಲವೇ ಕಾನೂನು ಮಾಡಿ ಅಂತ ಎರಡನೇ ರಾಷ್ಟ್ರೀಯ ಕಾರ್ಮಿಕ ಆಯೋಗ 2002ರಲ್ಲೇ ಹೇಳಿತ್ತು. ಸುರಕ್ಷತೆಯ ಮಸೂದೆ ಲೋಕಸಭೆಗೆ ಬಂದದ್ದು 2019ರ ಜುಲೈನಲ್ಲಿ. ಕಾರ್ಖಾನೆ, ಗಣಿ, ಬಂದರು, ಕಟ್ಟಡ ಕೆಲಸ, ಬೀಡಿ, ತೋಟ, ಗುತ್ತಿಗೆ ಕೆಲಸ ಹೀಗೆ 13 ಕಾನೂನುಗಳು ಅದರೊಳಗೆ. ಅದು ಸಂಸತ್ತಿನ ಸ್ಥಾಯಿ ಸಮಿತಿಗೆ ಹೋಯಿತು. ಸಮಿತಿ ತಿಂಗಳುಗಟ್ಟಲೆ ಕೂತು ವರದಿ ಕೊಟ್ಟಿತು. ಇಲ್ಲಿವರೆಗೆ ನಿನ್ನ ಪಠ್ಯದಲ್ಲಿ ಇರುವ ಹಾಗೆಯೇ ನಡೆಯಿತು.

ಮುಂದೆ ನೋಡು. 2020ರ ಸೆಪ್ಟೆಂಬರ್ 19ರಂದು ಸರಕಾರ ಹಳೆ ಮಸೂದೆ ವಾಪಸ್ ತಗೊಂಡು ಹೊಸದನ್ನು ಮಂಡಿಸಿತು. 22ಕ್ಕೆ ಲೋಕಸಭೆಯಲ್ಲಿ ಪಾಸು, 23ಕ್ಕೆ ರಾಜ್ಯಸಭೆಯಲ್ಲಿ ಪಾಸು, 28ಕ್ಕೆ ರಾಷ್ಟ್ರಪತಿಗಳ ಅಂಕಿತ. ಕೃಷಿ ಮಸೂದೆಗಳ ಗದ್ದಲದಲ್ಲಿ ರಾಜ್ಯಸಭೆಯ 8 ಸದಸ್ಯರು ಅಮಾನತಾಗಿ, ವಿರೋಧ ಪಕ್ಷಗಳು ಕಲಾಪ ಬಹಿಷ್ಕಾರ ಮಾಡಿ ಹೊರಗಿದ್ದ ದಿನಗಳು ಅವು. ಹೊಸ ಮಸೂದೆಯಲ್ಲಿ ಬದಲಾಗಿದ್ದು ಏನು ಗೊತ್ತಾ? ಸಂಖ್ಯೆಗಳು. ಕರೆಂಟ್ ಬಳಸುವ ಜಾಗ ಕಾರ್ಖಾನೆ ಅನಿಸಿಕೊಳ್ಳಲು 1948ರ ಕಾರ್ಖಾನೆ ಕಾಯ್ದೆಯಲ್ಲಿ 10 ಜನ ಸಾಕಿತ್ತು, 2019ರ ಮಸೂದೆಯಲ್ಲೂ ಅಷ್ಟೇ ಇತ್ತು. 2020ರಲ್ಲಿ ಅದು 20 ಆಯಿತು. ಕರೆಂಟ್ ಇಲ್ಲದ ಕಡೆ 20 ಇದ್ದದ್ದು 40 ಆಯಿತು. ಗುತ್ತಿಗೆ ಕಾರ್ಮಿಕರ ನಿಯಮಗಳು 20 ಜನರಿಂದ ಶುರುವಾಗುತ್ತಿದ್ದವು, ಈಗ 50ರಿಂದ. ಹೊಸ ಕಾರ್ಖಾನೆಗಳಿಗೆ ವಿನಾಯಿತಿ ಕೊಡುವ ಅಧಿಕಾರವೂ ರಾಜ್ಯ ಸರಕಾರಗಳಿಗೆ ಸಿಕ್ಕಿತು. ಸಮಿತಿ ಕೂತು ನೋಡಿದ್ದು ಒಂದು ಮಸೂದೆ, ಪಾಸಾಗಿದ್ದು ಬೇರೆ ಮಸೂದೆ. ನಿಮ್ಮ ಮೇಷ್ಟ್ರು ಕ್ಲಾಸಿನಲ್ಲಿ ‘ಸಮಿತಿ ವ್ಯವಸ್ಥೆಯ ಮಹತ್ವ’ ಪಾಠ ಮಾಡುವಾಗ ಈ ಐದು ದಿನಗಳ ಬಗ್ಗೆ ಕೇಳು, ಚೆನ್ನಾಗಿರುತ್ತೆ.

ನಿಧಾನ ಯಾಕೆ ಅಂದರೆ, ಸಂಸತ್ತು ಪಾಸು ಮಾಡುವುದು ಬರೀ ಚೌಕಟ್ಟು. ಶೆಡ್ಡಿನಲ್ಲಿ ಎಷ್ಟು ಬೆಳಕಿರಬೇಕು, ಯಾವ ಧೂಳು ಎಷ್ಟಿರಬಹುದು, ಕುಡಿಯುವ ನೀರು ಎಲ್ಲಿಡಬೇಕು, ಇವೆಲ್ಲ ಬರುವುದು ಆಮೇಲಿನ ನಿಯಮಗಳಲ್ಲಿ, ಮಾನದಂಡಗಳಲ್ಲಿ. ಕಾರ್ಮಿಕ ವಿಷಯ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ ಇರುವುದರಿಂದ ರಾಜ್ಯಗಳೂ ತಮ್ಮ ನಿಯಮ ಬರೆಯಬೇಕು. ಕೆಲವು ಬರೆದವು, ಕೆಲವು ಬೇಕಂತಲೇ ತಡ ಮಾಡಿದವು. ಈ ನಡುವೆ ಕಾರ್ಮಿಕ ಸಂಘಗಳು 2020ರ ನವೆಂಬರ್ 26ಕ್ಕೆ, 2022ರ ಮಾರ್ಚ್ 28-29ಕ್ಕೆ, 2025ರ ಜುಲೈ 9ಕ್ಕೆ ದೇಶದಾದ್ಯಂತ ಮುಷ್ಕರ ಮಾಡಿದವು. ಕೃಷಿ ಕಾಯ್ದೆಗಳನ್ನು ವಾಪಸ್ ತಗೊಂಡ ಮೇಲೆ, ಚುನಾವಣೆ ಮುಗಿಯುವವರೆಗೆ ಇನ್ನೊಂದು ಜಗಳ ಬೇಡ ಅಂತ ಸರಕಾರ ಸುಮ್ಮನಿತ್ತು ಅನ್ನೋದು ನನ್ನ ಅಂದಾಜು. ಇದನ್ನು ಪರೀಕ್ಷೆಯಲ್ಲಿ ಬರೆಯಬೇಡ, ಮಾರ್ಕ್ಸ್ ಸಿಗಲ್ಲ.

ಪ್ರಶ್ನೆ: ಸಾಹೇಬ್ರೆ, ನಮ್ಮದು ಉದ್ಯಮಬಾಗದಲ್ಲಿ 18 ಜನರ ಸಣ್ಣ ಶಾಪ್. ಲೇತ್, ಮೂರು ಪ್ರೆಸ್ ಇವೆ. ನೀವು ಯಾವಾಗಲೂ ಕೆಲಸಗಾರರ ಪರ ಬರೀತೀರಿ. ಕಾನೂನು ಜಾಸ್ತಿ ಆದಷ್ಟು ಇನ್‌ಸ್ಪೆಕ್ಟರ್‌ಗೆ ಕೊಡುವ ಲಕೋಟೆ ದಪ್ಪ ಆಗುತ್ತೆ, ಅಷ್ಟೇ. 20ಕ್ಕೆ ಏರಿಸಿದ್ದು ಒಳ್ಳೇದೇ ಆಯ್ತು ಅಲ್ವಾ?
– ಶಾಪ್ ಮಾಲೀಕರು, ಬೆಳಗಾವಿ

ಉತ್ತರ: ಅಣ್ಣಾವ್ರೆ, ಲಕೋಟೆಯ ಮಾತು ಸುಳ್ಳಲ್ಲ. ಸಿಗದ ರಿಜಿಸ್ಟರ್ ಒಂದಕ್ಕೆ ಮಾಲೀಕನನ್ನು ಅರ್ಧ ದಿನ ಕೂಡಿಸಿ, ಅಲ್ಲೇ ಪಕ್ಕದಲ್ಲಿ ಗಾರ್ಡ್ ಇಲ್ಲದೆ ತಿರುಗುತ್ತಿದ್ದ ಬೆಲ್ಟ್ ಕಡೆ ನೋಡದೆ ಹೋದ ಅಧಿಕಾರಿಗಳ ಕಥೆ ನಾನೂ ಕೇಳಿದ್ದೇನೆ. ಹೊಸ ಸಂಹಿತೆಯಲ್ಲಿ ಆ ಹುದ್ದೆಗೆ ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್ ಅಂತ ಹೆಸರು ಬಂದಿದೆ. ಯಾರ ಶಾಪ್‌ಗೆ ಯಾರು ಹೋಗಬೇಕು ಅಂತ ಕಂಪ್ಯೂಟರ್ ಆರಿಸಬಹುದು. ಇದರಿಂದ ಲಕೋಟೆ ತೆಳ್ಳಗಾದರೆ ನನಗೂ ಸಂತೋಷವೇ. ಆದರೆ ಕಾರ್ಖಾನೆ ತಪಾಸಣೆ ಮುಕ್ತವಾಗಿ, ಬೇಕಾದಾಗ ನಡೆಯಬೇಕು ಅನ್ನುವ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1949ರಲ್ಲೇ ಸಹಿ ಹಾಕಿದೆ. ಅಧಿಕಾರಿ ಲಂಚ ತಿಂದರೆ ಅಧಿಕಾರಿಯನ್ನು ಸರಿ ಮಾಡಬೇಕೇ ಹೊರತು ತಪಾಸಣೆಯನ್ನೇ ಕೈಬಿಡುವುದು ಎಂಥ ಪರಿಹಾರ?

ನಿಮ್ಮ ಮೂರು ಪ್ರೆಸ್‌ಗಳ ವಿಷಯಕ್ಕೆ ಬರುತ್ತೇನೆ. ಪವರ್ ಪ್ರೆಸ್‌ಗೆ ಎರಡು ಬಟನ್ ಇಡುವುದೇ ಎರಡೂ ಕೈ ಡೈನಿಂದ, ಅಂದರೆ ತಗಡು ಒತ್ತುವ ಅಚ್ಚಿನಿಂದ, ಹೊರಗಿರಲಿ ಅಂತ. ಎಷ್ಟೋ ಶೆಡ್ಡುಗಳಲ್ಲಿ ಒಂದು ಬಟನ್‌ಗೆ ಟೇಪ್ ಸುತ್ತಿ ಒತ್ತಿ ಇಟ್ಟಿರುತ್ತಾರೆ. ಒಂದು ಕೈ ಬಟನ್ ಮೇಲೆ, ಇನ್ನೊಂದು ಕೈ ತಗಡು ಸರಿಸೋಕೆ. ತಾಸಿಗೆ ನಾಲ್ಕು ಪೀಸ್ ಜಾಸ್ತಿ ಬರುತ್ತವೆ. ಬೆರಳು ಹೋಗುವುದೂ ಅಲ್ಲೇ. ಟೇಪ್ ಸುತ್ತಿದ್ದು ಕೆಲಸಗಾರನೇ ಅಂತ ನೀವು ಹೇಳಬಹುದು, ನಿಜವೂ ಇರಬಹುದು, ಆದರೆ ಪೀಸ್ ಲೆಕ್ಕದಲ್ಲಿ ಪಗಾರ ಇಟ್ಟವರು ಯಾರು? ಇವತ್ತು ಸಂಜೆ ಶಿಫ್ಟ್ ಬಿಡುವ ಮೊದಲು ಒಂದು ಸುತ್ತು ಹೋಗಿ ಆ ಬಟನ್‌ಗಳನ್ನು ನೀವೇ ನೋಡಿ. ಇದಕ್ಕೆ ಯಾವ ಇನ್‌ಸ್ಪೆಕ್ಟರೂ ಬೇಡ.

ಇನ್ನು, 20ಕ್ಕಿಂತ ಕಡಿಮೆ ಅಂದರೆ ಏನೂ ಅನ್ವಯಿಸಲ್ಲ ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. 10 ಜನ ಇದ್ದರೆ ನೋಂದಣಿ ಬೇಕು, ನೇಮಕಾತಿ ಪತ್ರ ಕೊಡಬೇಕು, ಅಪಾಯ ಇಲ್ಲದ ಜಾಗ ಒದಗಿಸುವ ಹೊಣೆ ನಿಮ್ಮದೇ. ಜೀವಕ್ಕೆ ಅಪಾಯದ ಕೆಲಸ ಅಂತ ಸರಕಾರ ಸಾರಿದ ಕಡೆ ಒಬ್ಬನೇ ಇದ್ದರೂ ಸಂಹಿತೆ ಅನ್ವಯಿಸುತ್ತದೆ. ಮಾಲೀಕರು ಹೊಣೆ ತಪ್ಪಿದ್ದರಿಂದ ಸಾವು ಆದರೆ ಹಳೆ ಕಾಯ್ದೆಯಲ್ಲಿ ದಂಡ ಕನಿಷ್ಠ 25,000 ರೂಪಾಯಿ ಇತ್ತು. ಈಗ 2 ವರ್ಷದವರೆಗೆ ಜೈಲು ಅಥವಾ ಕನಿಷ್ಠ 5 ಲಕ್ಷ ದಂಡ, ಇಲ್ಲವೇ ಎರಡೂ. ಅದರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟನ್ನು ಮನೆಯವರಿಗೆ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಈ ಒಂದು ಬದಲಾವಣೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಒಂದು ವಿಷಯ ಯೋಚನೆ ಮಾಡಿ. ಕಾನೂನು ಸಡಿಲ ಮಾಡುವಾಗ ದಿಲ್ಲಿ, ಬೆಂಗಳೂರು ಎರಡೂ ಕಡೆ ಮುಂದೆ ತಂದು ನಿಲ್ಲಿಸುವುದು ನಿಮ್ಮಂಥ ಸಣ್ಣ ಮಾಲೀಕರನ್ನು. ‘ಪಾಪ, 18 ಜನರ ಶಾಪ್‌ನವರು ಬದುಕೋದು ಬೇಡವಾ?’ ಅಂತಾರೆ. ಆದರೆ ಗುತ್ತಿಗೆಯ ಮಿತಿ 50 ಆದದ್ದರಿಂದ ನಿಮಗೆ ಏನು ಬಂತು? 300 ಜನ ಬೇಕಾದ ದೊಡ್ಡ ಕಾರ್ಖಾನೆ 45-45 ಜನರ ಗುತ್ತಿಗೆದಾರರನ್ನು ಇಟ್ಟುಕೊಳ್ಳಬಹುದು, ಒಬ್ಬ ಗುತ್ತಿಗೆದಾರನಿಗೂ ಲೈಸೆನ್ಸ್ ಬೇಡ. ನಿಮ್ಮ ಹೆಸರು ಹೇಳಿ ಬೇರೆಯವರು ಊಟ ಮಾಡಿದ್ದಾರೆ.

ಪ್ರಶ್ನೆ: ನಮ್ಮ ಮನೆಯಲ್ಲೇ ನಾಲ್ಕು ಪವರ್‌ಲೂಮ್ ಇವೆ. ನಾನು, ಯಜಮಾನರು, ಮೈದುನ ನಡೆಸುತ್ತೇವೆ. ಯಜಮಾನರಿಗೆ ಈಗ ಕಿವಿ ಸರಿಯಾಗಿ ಕೇಳಲ್ಲ. ನಮಗೆ ಯಾವ ಕಾನೂನು?
– ಬನಹಟ್ಟಿ

ಉತ್ತರ: ಅಕ್ಕಾವ್ರೆ, ನೇರವಾಗಿ ಯಾವುದೂ ಇಲ್ಲ. 10 ಜನಕ್ಕಿಂತ ಕಡಿಮೆ ಇರುವ ಜಾಗವನ್ನೂ ಕಾರ್ಖಾನೆ ಅಂತ ಸಾರುವ ಅಧಿಕಾರ 1948ರ ಕಾಯ್ದೆಯ 85ನೇ ಕಲಮಿನಲ್ಲಿ ರಾಜ್ಯ ಸರಕಾರಕ್ಕೆ ಇತ್ತು. ಆದರೆ ಮನೆಯವರಷ್ಟೇ ಸೇರಿ ನಡೆಸುವ ಜಾಗವನ್ನು ಅದೂ ಹೊರಗೇ ಇಟ್ಟಿತ್ತು. ರಬಕವಿ-ಬನಹಟ್ಟಿ, ಗುಳೇದಗುಡ್ಡ, ಇಳಕಲ್, ಬೆಳಗಾವಿಯ ವಡಗಾವಿ, ಖಾಸಬಾಗ, ಎಲ್ಲ ಕಡೆ ಮಗ್ಗದ ಸದ್ದು ಮನೆಯೊಳಗೇ ಇದೆ. ಆ ಮನೆಗಳ ವೋಟು ಎಲ್ಲರಿಗೂ ಬೇಕು. ನೇಕಾರರಿಗೆ ಕರೆಂಟ್ ರಿಯಾಯಿತಿ ಅಂದಾಗ ಸಭೆಯಲ್ಲಿ ಚಪ್ಪಾಳೆ ಬೀಳುತ್ತೆ, ಕಿವಿ ಪರೀಕ್ಷೆ ಅಂದರೆ ಬೀಳಲ್ಲ. ನಿಮ್ಮ ನೇಕಾರರ ಸಂಘ ಮುಂದಿನ ಸಲ ಮನವಿ ಕೊಡುವಾಗ ವರ್ಷಕ್ಕೊಮ್ಮೆ ಕಿವಿ, ಶ್ವಾಸಕೋಶ ತಪಾಸಣೆ ಅಂತ ಒಂದು ಸಾಲು ಸೇರಿಸಲಿ. ಸದ್ಯಕ್ಕೆ ಮೆಡಿಕಲ್ ಅಂಗಡಿಯಲ್ಲಿ ಕಿವಿಗೆ ಹಾಕುವ ಇಯರ್‌ಪ್ಲಗ್ ಸಿಗುತ್ತವೆ, ತರಿಸಿಕೊಳ್ಳಿ. ಯಜಮಾನರನ್ನು ಕಿವಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದನ್ನು ಮುಂದಕ್ಕೆ ಹಾಕಬೇಡಿ. ಹೋದ ಕೇಳುವ ಶಕ್ತಿ ವಾಪಸ್ ಬರುವುದು ಕಷ್ಟ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು.

ಪ್ರಶ್ನೆ: ನಮ್ಮಲ್ಲಿ ಹೆಣ್ಣುಮಕ್ಕಳಿಗೂ ರಾತ್ರಿ ಪಾಳಿ ಹಾಕ್ತಾರಂತೆ. ಸೂಪರ್‌ವೈಸರ್ ಒಂದು ಫಾರ್ಮ್ ತಂದು ಸಹಿ ಮಾಡಿ ಅಂದರು. ಇಂಗ್ಲಿಷ್‌ನಲ್ಲಿತ್ತು. ಮಾಡದಿದ್ದರೆ ಏನಾಗುತ್ತೆ?
– ಆಹಾರ ಪ್ಯಾಕಿಂಗ್ ಕೆಲಸ, ಬೆಳಗಾವಿ

ಉತ್ತರ: ಓದದೆ ಸಹಿ ಮಾಡಬೇಡಿ, ತಂಗಿ. ಒಪ್ಪಿಗೆ ಇದ್ದರೆ ಮಾತ್ರ ರಾತ್ರಿ ಪಾಳಿ ಅಂತ ಕಾನೂನೇ ಹೇಳುತ್ತದೆ. ಒಪ್ಪದಿರುವ ಹಕ್ಕು ಇದೆ ಅಂತಲೇ ಅದರ ಅರ್ಥ. ಫಾರ್ಮ್ ಕನ್ನಡದಲ್ಲಿ ಕೊಡಿ, ಮನೆಗೆ ಒಯ್ದು ಓದಿ ತರುತ್ತೇನೆ ಅನ್ನಿ. ಒಬ್ಬರೇ ಹೇಳಬೇಡಿ, ನಾಲ್ಕೈದು ಜನ ಒಟ್ಟಿಗೆ ಹೋಗಿ ಹೇಳಿ. ಹೋಗಿ ಬರಲು ಗಾಡಿ ಯಾರದು, ಎಲ್ಲಿವರೆಗೆ ಬಿಡುತ್ತದೆ, ರಾತ್ರಿ ಅಲ್ಲಿ ಹೆಣ್ಣು ಮೇಲ್ವಿಚಾರಕಿ ಇರುತ್ತಾರಾ, ಇಷ್ಟನ್ನು ಬರವಣಿಗೆಯಲ್ಲಿ ಕೇಳಿ.

ಈ ವಿಷಯದ ರಾಜಕೀಯ ಬಹಳ ಸ್ವಾರಸ್ಯವಾಗಿದೆ. 2020ರ ಮೇ 22ರಂದು, ಲಾಕ್‌ಡೌನ್ ನಡುವೆ, ನಮ್ಮ ರಾಜ್ಯ ಸರಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ತಾಸು, ವಾರಕ್ಕೆ 60 ತಾಸು ಕೆಲಸಕ್ಕೆ ಅನುಮತಿ ಕೊಟ್ಟು ಆದೇಶ ಮಾಡಿತು. ಯುದ್ಧದಂಥ ‘ಸಾರ್ವಜನಿಕ ತುರ್ತು’ ಬಂದಾಗ ಬಳಸುವ ಕಲಮನ್ನು ಅದಕ್ಕೆ ಬಳಸಿದರು. ಹೈಕೋರ್ಟ್ ಪ್ರಶ್ನೆ ಮಾಡಿದ ಮೇಲೆ ಜೂನ್ 11ಕ್ಕೆ ವಾಪಸ್ ತಗೊಂಡರು. ಗುಜರಾತ್‌ನ ಅಂಥದೇ ಆದೇಶವನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಅಕ್ಟೋಬರ್ 1ಕ್ಕೆ ರದ್ದು ಮಾಡಿತು. ಆದೇಶದಿಂದ ಆಗದ್ದನ್ನು 2023ರ ಫೆಬ್ರವರಿಯಲ್ಲಿ ಶಾಸನಸಭೆಯ ಮೂಲಕ ಮಾಡಿದರು: ಲಿಖಿತ ಒಪ್ಪಿಗೆ ಇದ್ದರೆ ದಿನಕ್ಕೆ 12 ತಾಸಿನವರೆಗೆ, ವಾರಕ್ಕೆ ಮಾತ್ರ ಅದೇ 48. ಮೂರು ತಿಂಗಳಿಗೆ 75 ತಾಸು ಇದ್ದ ಓಟಿ (ಹೆಚ್ಚುವರಿ ದುಡಿಮೆ) ಮಿತಿ 145 ಆಯಿತು. ಹೆಣ್ಣುಮಕ್ಕಳ ರಾತ್ರಿ ಪಾಳಿಯೂ ಅದರಲ್ಲೇ ಬಂತು. ಎರಡೂ ಸದನಗಳಲ್ಲಿ ಪಾಸಾಯಿತು. ಮೇನಲ್ಲಿ ಚುನಾವಣೆ, ಸರಕಾರ ಬದಲಾಯಿತು. ತಿದ್ದುಪಡಿ ಹಾಗೇ ಉಳಿಯಿತು. ವಿರೋಧ ಪಕ್ಷದಲ್ಲಿ ಇರುವಾಗ ಎಲ್ಲರೂ ಕಾರ್ಮಿಕರ ಅಣ್ಣತಮ್ಮಂದಿರೇ.

ರಾತ್ರಿ ಪಾಳಿಯೇ ಬೇಡ ಅಂತ ನಾನು ಹೇಳಲ್ಲ. ಹೆಚ್ಚು ಪಗಾರ ಬರುತ್ತೆ ಅಂತ ಬಯಸಿ ಹೋಗುವ ಹೆಣ್ಣುಮಕ್ಕಳೂ ಇದ್ದಾರೆ, ಅವರನ್ನು ತಡೆಯಲು ನಾವು ಯಾರು? ಫಾರ್ಮ್ ಹಿಡಿದು ನಿಂತವನೇ ಮರುದಿನ ಹಾಜರಿ ಬರೆಯುವವನೂ ಆಗಿದ್ದರೆ ಆ ಸಹಿಯನ್ನು ಒಪ್ಪಿಗೆ ಅಂತ ಕರೆಯೋದು ಕಷ್ಟ, ಅಷ್ಟೇ.

ಪ್ರಶ್ನೆ: ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ತಪಾಸಣೆ ತಪ್ಪದೆ ನಡೆಯುತ್ತೆ, ಸರ್ಟಿಫಿಕೇಟ್ ಇಲ್ಲದೆ ಉರಿ ಹಚ್ಚಲ್ಲ. ನಮ್ಮ ತಪಾಸಣೆ ಯಾರೂ ಮಾಡಲ್ಲ. ಬಾಯ್ಲರ್‌ಗೇ ಬೇರೆ ಕಾನೂನು ಯಾಕೆ?
– ಮುಧೋಳ

ಉತ್ತರ: 1863ರಲ್ಲಿ ಕಲ್ಕತ್ತಾದಲ್ಲಿ ಒಂದು ಬಾಯ್ಲರ್ ಸಿಡಿದು ಜನ ಸತ್ತರು. ಮರುವರ್ಷವೇ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. ಅದು ಬೆಳೆದು 1923ರ ಕಾಯ್ದೆ ಆಯಿತು, ಈಗ ಅದರ ಜಾಗಕ್ಕೆ 2025ರ ಕಾಯ್ದೆ ಬಂದಿದೆ. ಕಾರ್ಖಾನೆಯಲ್ಲಿ ದುಡಿಯುವ ಮನುಷ್ಯರ ಬಗ್ಗೆ ಮೊದಲ ಕಾನೂನು ಬಂದದ್ದು 1881ರಲ್ಲಿ, ಅಂದರೆ ಬಾಯ್ಲರ್‌ಗಿಂತ 17 ವರ್ಷ ತಡವಾಗಿ. ಅದೂ 100 ಜನ ಇರುವ ಕಡೆ ಮಾತ್ರ, ಮಕ್ಕಳಿಗೆ ಮಾತ್ರ. 7 ವರ್ಷದೊಳಗಿನವರನ್ನು ಇಟ್ಟುಕೊಳ್ಳಬಾರದು, 12ರವರೆಗಿನವರಿಗೆ ದಿನಕ್ಕೆ 9 ತಾಸು! ಅದಕ್ಕೂ ಒತ್ತಾಯ ಬಂದದ್ದರಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿ ಮಾಲೀಕರ ಪಾಲು ದೊಡ್ಡದು. ಮುಂಬೈ ಗಿರಣಿಗಳ ಬಟ್ಟೆ ಅಗ್ಗವಾಗಿ ಬರುತ್ತದೆ ಅನ್ನುವ ಹೊಟ್ಟೆಕಿಚ್ಚು ಅವರದು. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಮುಂಬೈ ಗಿರಣಿ ಕಾರ್ಮಿಕರನ್ನು ಸೇರಿಸಿ ವಾರಕ್ಕೊಂದು ರಜೆ ಕೇಳಿದರು. ಅದು ಕಾನೂನಿಗೆ ಬರಲು 1891 ಆಯಿತು. ನಮ್ಮ ಬೆಳಗಾವಿ ಆಗ ಮುಂಬೈ ಪ್ರಾಂತದಲ್ಲೇ ಇತ್ತು. ಗೋಕಾಕ ಫಾಲ್ಸ್‌ನಲ್ಲಿ ಹತ್ತಿ ಗಿರಣಿ ಶುರುವಾದದ್ದೂ ಆ ದಶಕದಲ್ಲೇ.

ಬಾಯ್ಲರ್ ಸಿಡಿದರೆ ಮಾಲೀಕರ ಬಂಡವಾಳವೂ ಹೋಗುತ್ತದೆ, ಹಂಗಾಮು ನಿಲ್ಲುತ್ತದೆ, ಹೊರಗೆ ಟ್ರ್ಯಾಕ್ಟರ್‌ಗಳಲ್ಲಿ ಕಬ್ಬು ಒಣಗುತ್ತದೆ, ಮರುದಿನ ಪೇಪರ್‌ನಲ್ಲಿ ಬರುತ್ತದೆ. ನಿಮ್ಮ ಬೆನ್ನು ಹೋದರೆ ಇದ್ಯಾವುದೂ ಆಗಲ್ಲ. 1984ರ ಡಿಸೆಂಬರ್‌ನಲ್ಲಿ ಭೋಪಾಲ್ ಆದ ಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಕೆಲಸಗಳ ಬಗ್ಗೆ ಇಡೀ ಅಧ್ಯಾಯವೇ ಬಂತು. ಸಾವಿರಾರು ಜನ ಒಂದೇ ರಾತ್ರಿ ಸಾಯದಿದ್ದರೆ ಅದು ಯಾವಾಗ ಬರುತ್ತಿತ್ತೋ. ಅಂದಹಾಗೆ, ಹೊಸ ಸಂಹಿತೆಯಲ್ಲಿ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಇದೆ. ಯಾರಿಗೆ, ಯಾವ ವಯಸ್ಸಿನಿಂದ ಅನ್ನೋದು ನಿಯಮಗಳಲ್ಲಿ ಇರುತ್ತದೆ. ಹಂಗಾಮು ಮುಗಿಯುವ ಮೊದಲು ನಿಮ್ಮ ಸಂಘ ಅದನ್ನು ಕೇಳಲಿ. ಹೊರಗೆ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗ್‌ನವರ ಮಾತೂ ಆಗಲೇ ತೆಗೆಯಿರಿ, ಅವರನ್ನಂತೂ ಕಾರ್ಖಾನೆಯವರು ತಮ್ಮವರು ಅಂತ ಒಪ್ಪುವುದೇ ಇಲ್ಲ.

ಪ್ರಶ್ನೆ: ಮಾರ್ಚ್ 4ಕ್ಕೆ ಸುರಕ್ಷತಾ ದಿನ ಅಂತ ಬ್ಯಾನರ್ ಕಟ್ಟಿ, ಪ್ರತಿಜ್ಞೆ ಮಾಡಿಸಿ, ಫೋಟೋ ತೆಗೀತಾರೆ. ಏನಾದರೂ ಉಪಯೋಗ ಇದೆಯಾ?
– ಹೆಸರಿಲ್ಲದ ಪತ್ರ

ಉತ್ತರ: ಫೋಟೋಕ್ಕಾದರೂ ಹೆಲ್ಮೆಟ್ ಬಂತಲ್ಲ. ಮರುದಿನ ವಾಪಸ್ ಕೊಡಬೇಡಿ.

ಪ್ರಶ್ನೆ: ನಮ್ಮ ತಂದೆ ಗ್ರಾನೈಟ್ ಕ್ವಾರಿಯಲ್ಲಿ ಡ್ರಿಲ್ ಹೊಡೆದವರು. ಟಿಬಿ ಅಂತ ಮತ್ತೆ ಮತ್ತೆ ಮಾತ್ರೆ ಕೊಟ್ಟರು, ಕೆಮ್ಮು ಹೋಗಿಲ್ಲ, ನಾಲ್ಕು ಹೆಜ್ಜೆಗೆ ದಮ್ಮು. ಪರಿಹಾರ ಏನಾದರೂ ಸಿಗುತ್ತಾ?
– ಇಳಕಲ್

ಉತ್ತರ: ಮೊದಲು ಡಾಕ್ಟರ್‌ಗೆ ತಂದೆಯವರು ಏನು ಕೆಲಸ ಮಾಡುತ್ತಿದ್ದರು, ಎಷ್ಟು ವರ್ಷ, ಒಣ ಡ್ರಿಲ್ಲೋ ನೀರು ಬಿಟ್ಟು ಹೊಡೆಯುವ ಡ್ರಿಲ್ಲೋ ಅಂತ ಹೇಳಿ. ಚೀಟಿಯಲ್ಲಿ ಬರೆಸಿ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಟಿಬಿಯ ಹಾಗೇ ಕಾಣಬಹುದು, ಎರಡೂ ಒಟ್ಟಿಗೆ ಇರುವುದೂ ಉಂಟು. ಅದಕ್ಕೇ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತದೆ. ಶ್ವಾಸಕೋಶದ ಆಳಕ್ಕೆ ಹೋಗುವುದು ಕಾಣದ ಧೂಳು, ಬಾಯಿಗೆ ಕಟ್ಟಿದ ಟವೆಲ್ ಅದನ್ನು ತಡೆಯಲ್ಲ. ಡ್ರಿಲ್ ಬಾಯಿಗೆ ನೀರು ಬಿಟ್ಟರೆ ಧೂಳು ಬಹಳಷ್ಟು ಅಲ್ಲೇ ಕೂರುತ್ತದೆ. ಇಷ್ಟು ಸುಲಭದ ಉಪಾಯ ಗೊತ್ತಿದ್ದೂ ಜನ ಸಾಯುತ್ತಿದ್ದಾರೆ.

ಸಿಲಿಕೋಸಿಸ್ ಕಂಡರೆ ಸರಕಾರಕ್ಕೆ ತಿಳಿಸಲೇಬೇಕಾದ ರೋಗ, ಪರಿಹಾರ ಕೊಡಬೇಕಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲೂ ಇದೆ. ತೊಡಕು ಏನಂದರೆ, ಪರಿಹಾರಕ್ಕೆ ಇಂಥ ಮಾಲೀಕರ ಹತ್ತಿರ ಇಷ್ಟು ವರ್ಷ ದುಡಿದೆ ಅನ್ನುವ ದಾಖಲೆ ಬೇಕು. ಕ್ವಾರಿಯಲ್ಲಿ ಮಸ್ಟರ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಹೆಸರೇ ಇರಲ್ಲ. ಪಗಾರ ಚೀಟಿ, ಬ್ಯಾಂಕ್ ಜಮೆ, ಹಳೆ ಗುರುತಿನ ಚೀಟಿ, ಜೊತೆ ದುಡಿದವರ ಹೇಳಿಕೆ, ಸಿಕ್ಕಿದ್ದೆಲ್ಲ ಕೂಡಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ರಾಜಸ್ಥಾನದಲ್ಲಿ ಗಣಿ ಕಾರ್ಮಿಕರು ವರ್ಷಗಟ್ಟಲೆ ಹೋರಾಡಿ 2019ರಲ್ಲಿ ಇದಕ್ಕೆಂದೇ ಒಂದು ನೀತಿ ಮಾಡಿಸಿಕೊಂಡರು. ಪರಿಹಾರ, ಪಿಂಚಣಿ ಎರಡೂ ಇವೆ, ಹಣ ಸರಕಾರದಿಂದ ಬರುತ್ತದೆ, ಮಾಲೀಕ ಯಾರು ಅಂತ ಹುಡುಕುತ್ತ ಕೂರಬೇಕಿಲ್ಲ. ಅಂಥದ್ದನ್ನು ಇಲ್ಲಿ ಯಾಕೆ ಕೇಳಬಾರದು?

ಪ್ರಶ್ನೆ: ಚಳಿಗಾಲದ ಅಧಿವೇಶನ ನಮ್ಮೂರಲ್ಲೇ ನಡೆಯುತ್ತೆ. ಆದರೂ ನಮ್ಮ ಮಾತು ಒಳಗೆ ಹೋಗಲ್ಲ. ಸಾಮಾನ್ಯ ಜನ ಏನು ಮಾಡಬಹುದು?
– ಫೌಂಡ್ರಿ ಕೆಲಸಗಾರ, ಬೆಳಗಾವಿ

ಉತ್ತರ: 2023ರ ಡಿಸೆಂಬರ್ 4ರಂದು ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾಯಿತು. ಅದೇ ದಿನ ಸಂಜೆ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲಗಳು ಕುಸಿದು ಬಿಹಾರದ 7 ಕಾರ್ಮಿಕರು ಅಡಿಯಲ್ಲಿ ಸಿಕ್ಕಿ ಸತ್ತರು. ಪರಿಹಾರ ಘೋಷಣೆ ಬೇಗ ಬಂತು. ಯಾವ ದುರಂತಕ್ಕೂ ಅದು ಬೇಗ ಬರುತ್ತೆ. ಗೋದಾಮುಗಳಲ್ಲಿ ಎಷ್ಟು ಎತ್ತರ ಪೇರಿಸಬಹುದು, ಯಾರು ಬಂದು ನೋಡುತ್ತಾರೆ ಅನ್ನುವ ಮಾತು ಅದರ ಹಿಂದೆಯೇ ಬರಲಿಲ್ಲ.

ಅಧಿವೇಶನದ ಹೊತ್ತಿಗೆ ಪ್ರತಿಭಟನೆಗೆ ಹಾಕುವ ಕೊಂಡಸಕೊಪ್ಪದ ಪೆಂಡಾಲ್‌ನಲ್ಲಿ ಕೂರುವುದು ಬೇಡ ಅನ್ನಲ್ಲ, ಕೂರಬೇಕು. ಮಂತ್ರಿ ಬಂದು ಮನವಿ ಇಸ್ಕೊಂಡು ಹೋಗುತ್ತಾರೆ, ಪೇಪರ್‌ನಲ್ಲಿ ಬರುತ್ತೆ. ಅದರ ಜೊತೆ ಎರಡು ಕೆಲಸ ಮಾಡಿ. ಸರಕಾರ ನಿಯಮಗಳ ಕರಡು ಹೊರಡಿಸಿದಾಗ ಆಕ್ಷೇಪಣೆಗೆ ಗಡುವು ಕೊಡುತ್ತದೆ. ಮಾಲೀಕರ ಸಂಘಗಳು ಆ ಗಡುವಿನೊಳಗೆ ವಕೀಲರನ್ನು ಇಟ್ಟು ಕಲಂ ಕಲಂ ಓದಿ ಬರೆಯುತ್ತವೆ, ಕಾರ್ಮಿಕರ ಕಡೆಯಿಂದ ಹೋಗುವುದು ಬೆರಳೆಣಿಕೆಯಷ್ಟು. ಎರಕದ ಅಂಚು ಉಜ್ಜಿ ತೆಗೆಯುವ ಫೆಟ್ಲಿಂಗ್ ವಿಭಾಗದಲ್ಲಿ ಗ್ರೈಂಡರ್ ಹಿಡಿಯುವವರು ಧೂಳು ಎಳೆಯುವ ಫ್ಯಾನ್ ಎಲ್ಲಿರಬೇಕು ಅಂತ ಒಂದು ಪುಟ ಕನ್ನಡದಲ್ಲಿ ಬರೆದು ಕಳಿಸಿದರೂ ಅದು ಕಡತಕ್ಕೆ ಸೇರುತ್ತದೆ.

ಎರಡನೆಯದು, ಅಧಿವೇಶನಕ್ಕೆ ತಿಂಗಳ ಮೊದಲೇ ನಿಮ್ಮ ಶಾಸಕರ ಮನೆಗೆ ಹೋಗಿ. ಸದನದಲ್ಲಿ ಕೇಳುವ ಪ್ರಶ್ನೆಗೆ ಸರಕಾರ ಉತ್ತರ ಕೊಡಲೇಬೇಕು. ಪ್ರಶ್ನೆ ನೀವೇ ಬರೆದುಕೊಂಡು ಹೋಗಿ, ಅವರಿಗೂ ಕೆಲಸ ಹಗುರ. ಉದಾಹರಣೆಗೆ ಹೀಗೆ: ‘ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕಳೆದ ಮೂರು ವರ್ಷಗಳಲ್ಲಿ ಕಾರ್ಖಾನೆ, ಕ್ವಾರಿ, ಗೋದಾಮುಗಳ ಅಪಘಾತಗಳಲ್ಲಿ ಸತ್ತವರೆಷ್ಟು? ಅವರಲ್ಲಿ ಗುತ್ತಿಗೆ ಕಾರ್ಮಿಕರೆಷ್ಟು? ಕಾರ್ಖಾನೆ, ಬಾಯ್ಲರ್ ಇಲಾಖೆಯಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು? ದಾಖಲಾದ ಸಿಲಿಕೋಸಿಸ್ ಪ್ರಕರಣಗಳೆಷ್ಟು? ಮಿತಿ 20ಕ್ಕೆ ಏರಿದ್ದರಿಂದ ಕಾರ್ಖಾನೆ ಪಟ್ಟಿಯಿಂದ ಹೊರಬಿದ್ದ ಘಟಕಗಳೆಷ್ಟು?’ ಉತ್ತರ ಬಂದರೆ ಈ ಅಂಕಣಕ್ಕೂ ಒಂದು ಪ್ರತಿ ಕಳಿಸಿ, ಪೂರ್ತಿ ಹಾಕುತ್ತೇವೆ. ಬರದಿದ್ದರೆ ಯಾವ ಶಾಸಕರು ಕೇಳಲಿಲ್ಲ ಅಂತ ಬರೆಯಿರಿ, ಅದನ್ನೂ ಹಾಕುತ್ತೇವೆ.